ಟೆಂಟಿನಲ್ಲಿ ಕಲಿತ ಅನುಮಾನ

ನಾನು ನೋಡಿದ ಮೊದಲ ಖಳನಿಗೆ ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಮಳವಳ್ಳಿಯಲ್ಲಿ ಸಂತೆ ಮಾಳದ ಪಕ್ಕ ಹಾಕಿದ್ದ ಸಿನಿಮಾ ಟೆಂಟಿನಲ್ಲಿ, ಪರದೆಯ ಮೇಲೆ ಅವನ ಮೀಸೆ ಕಂಡ ಕೂಡಲೇ ನೆಲದ ಮೇಲೆ ಕೂತಿದ್ದ ಜನ ಕ್ಯಾಕರಿಸಿ ಉಗಿದರು. ನಿಜವಾಗಿಯೂ ಉಗಿದರು, ಅದು ಮುಂದೆ ಕೂತವರ ಬೆನ್ನಿಗೆ ಬಿತ್ತು. ಹಿಂದಿ ಯಾರಿಗೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಸುಕು ಹಾಕಿಕೊಂಡು ಕುದುರೆ ಏರಿ ಬಂದವನು ನಮ್ಮವನು, ಚಾವಟಿ ಹಿಡಿದವನು ಪಾಪಿ. ಕೊನೆಗೆ ಪಾಪಿ ಕಮರಿಗೆ ಬೀಳುತ್ತಿದ್ದ. ಜನ ಪಂಚೆ ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು.

ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಅಥವಾ ಆಗತಾನೇ ಶುರುವಾಗಿತ್ತು. ನೆನಪು ಇಂಥ ಕಡೆ ಮರ್ಯಾದಸ್ಥನಂತೆ ಒಂದು ಇಸವಿ ಹೇಳುತ್ತದೆ, ನಾನು ನಂಬುವುದಿಲ್ಲ. ವಾಸನೆಯನ್ನು ಮಾತ್ರ ನಂಬುತ್ತೇನೆ. ಬೀಡಿ, ಒದ್ದೆ ಗೋಣಿತಾಟು, ಟೆಂಟಿನ ಹಿಂಭಾಗದ ಉಚ್ಚೆ. ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ್ದ ಗೋಣಿತಾಟಿನಲ್ಲಿ ಬೆರಳು ತೂರುವಷ್ಟು ತೂತುಗಳಿದ್ದವು. ಅವು ತಾವಾಗಿ ಆದ ತೂತುಗಳಲ್ಲ.

ಯುದ್ಧದ ನಡುವೆ ನಾನು ಮಂಡ್ಯಕ್ಕೆ ಮಿಡಲ್ ಸ್ಕೂಲಿನ ಮೇಷ್ಟರಾಗಿ ಬಂದೆ. ಊಟ ನನ್ನ ಸೋದರತ್ತೆಯ ಮನೆಯಲ್ಲಿ. ಗಂಡ ಸತ್ತ ಮೇಲೆ ಅವಳು ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಊಟದ ಮನೆ ಇಟ್ಟಿದ್ದಳು. ಕಬ್ಬಿನ ಕಾಲದಲ್ಲಿ ಸುತ್ತಲ ಹಳ್ಳಿಗಳಿಂದ ಬಂದ ಗಾಡಿಗಳು ತೂಕಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದವು, ಕೆಲವು ಸಲ ಹನಕೆರೆ ದಾರಿಯವರೆಗೂ. ಸರದಿ ಬರುವ ತನಕ ಗಾಡಿಯವರಿಗೆ ಅತ್ತೆಯ ಮುದ್ದೆ, ಉಪ್ಸಾರು. ಸಂಜೆಯಾದರೆ ಟೆಂಟು. ಅವಳಿಗೆ ಬೇರೆ ಜೀವನವಿರಲಿಲ್ಲ. ಗಾಡಿಯವರು ಬಂದು ಕೂತರೆ ಒಲೆ ಉರಿಯುತ್ತಿತ್ತು, ಕೂರದಿದ್ದರೆ ಇಲ್ಲ.

ಅಷ್ಟರಲ್ಲಿ ಚಿತ್ರಗಳು ಬದಲಾಗಿದ್ದವು. ಕುದುರೆ ಹೋಗಿ ಕಾರು ಬಂದಿತ್ತು. ಚಾವಟಿಯ ಜಾಗದಲ್ಲಿ ಕೈಗವಸು. ಬಾಗಿಲ ಹಿಡಿ ತಾನಾಗಿ ತಿರುಗುವುದನ್ನೇ ನಿಮಿಷಗಟ್ಟಲೆ ತೋರಿಸುತ್ತಿದ್ದರು, ಹಿಂದೆ ಪಿಟೀಲು ಕುಯ್ಯುತ್ತಿತ್ತು. ಯಾರೋ ಸಾಯುತ್ತಿದ್ದರು, ಕೊಂದವನು ಯಾರೆಂದು ಕೊನೆಯ ರೀಲಿನವರೆಗೆ ಹೇಳುತ್ತಿರಲಿಲ್ಲ. ಅಂಥ ಮೊದಲ ಚಿತ್ರ ಬಂದಾಗ ಜನ ಎಂದಿನಂತೆ ಮೀಸೆಯವನಿಗೆ ಉಗಿದರು. ಕೊನೆಯಲ್ಲಿ ನೋಡಿದರೆ ಕೊಂದವನು ಡಾಕ್ಟರು. ಮನೆಯ ಮಗುವಿಗೆ ಹಾಲು ಕುಡಿಸುತ್ತಿದ್ದ, ಮುದುಕಿಯ ಕೈ ಹಿಡಿದು ನಡೆಸುತ್ತಿದ್ದ ಡಾಕ್ಟರು. ಟೆಂಟಿನಲ್ಲಿ ಗಲಾಟೆಯಾಯಿತು. ಪರದೆಗೆ ಮಣ್ಣಿನ ಹೆಂಟೆ ಬಿತ್ತು. ತಪ್ಪು ಮನುಷ್ಯನಿಗೆ ಉಗಿಯುವಂತೆ ಮಾಡಿದರಲ್ಲ ಎಂಬುದು ಅವರ ಸಿಟ್ಟು.

ಆ ಸಿಟ್ಟು ಹಾಗೇ ಉಳಿದಿದ್ದರೆ ನನಗೆ ಇವತ್ತು ಬರೆಯುವ ಕೆಲಸವಿರುತ್ತಿರಲಿಲ್ಲ. ಜನ ಕಲಿತುಬಿಟ್ಟರು. ಎರಡು ಮೂರು ಚಿತ್ರ ನೋಡಿದ ಮೇಲೆ ಅವರಿಗೆ ಸೂತ್ರ ಸಿಕ್ಕಿತು: ಎಲ್ಲರಿಗಿಂತ ಒಳ್ಳೆಯವನು ಯಾರೋ ಅವನೇ. ಆಮೇಲೆ ಮೀಸೆಯವನನ್ನು ಕಂಡರೆ ಅವರಿಗೆ ಪ್ರೀತಿ. ಯಾರಾದರೂ ಭಿಕ್ಷುಕನಿಗೆ ಕಾಸು ಹಾಕಿದರೆ, ಹಕ್ಕಿಗೆ ಕಾಳು ಎರಚಿದರೆ, ಇಡೀ ನೆಲ ಒಟ್ಟಿಗೆ ‘ಸಿಕ್ದ’ ಎನ್ನುತ್ತಿತ್ತು. ಟೆಂಟು ಮದ್ದೂರಿನಲ್ಲಿ ಆಟ ಮುಗಿಸಿಯೇ ಮಂಡ್ಯಕ್ಕೆ ಬರುತ್ತಿದ್ದುದರಿಂದ ಮದ್ದೂರು ಕಡೆಯ ಗಾಡಿಯವರಿಗೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿರುತ್ತಿತ್ತು. ಅವರಲ್ಲೊಬ್ಬ, ಬಾಯಲ್ಲಿ ಚಿನ್ನದ ಹಲ್ಲಿದ್ದವನು, ಒಂದು ಬೀಡಿಗೆ ಆ ಗುಟ್ಟು ಹೇಳುತ್ತಿದ್ದ. ಹೇಳುವಾಗ ಅವನ ಮುಖದ ಮೇಲೆ ಎಣ್ಣೆ ಹಚ್ಚಿದಂಥ ಕಳೆ ಬರುತ್ತಿತ್ತು.

ಒಂದು ಕಬ್ಬಿನ ಕಾಲದಲ್ಲಿ ಬಸರಾಳು ಕಡೆಯಿಂದ ಬಂದ ಮುದುಕನೊಬ್ಬ ಜ್ವರ ಹಿಡಿದು ಅತ್ತೆಯ ಜಗುಲಿಗೆ ಬಂದು ಕೂತ. ಅಕ್ಕಿಗೆ ರೇಷನ್ ಇದ್ದ ಕಾಲ ಅದು. ಅತ್ತೆ ತನ್ನ ಪಾಲಿನ ನುಚ್ಚಿನಲ್ಲಿ ಗಂಜಿ ಕಾಸಿ ಕೊಟ್ಟಳು. ಅವನು ಸೊಂಟದಿಂದ ಕಾಸು ತೆಗೆದಾಗ, ‘ಬುಡಪ್ಪ, ಉಸಾರಾದ್ಮೇಲೆ ಮುದ್ದೆ ತಿಂದು ಕೊಡೀವಂತೆ’ ಎಂದಳು. ಅವನು ಗಾಡಿಯ ಕೆಳಗೆ ಹೋಗಿ ಮಲಗಿದ. ಮಧ್ಯಾಹ್ನ ಸರದಿ ಬಂತೆಂದು ಎಬ್ಬಿಸಲು ಹೋದರೆ ಸತ್ತಿದ್ದ.

ಜ್ವರದ ಮುದುಕ ಸತ್ತ, ಅಷ್ಟೆ. ಎರಡು ದಿನ ಎಲ್ಲರಿಗೂ ಅದು ಅಷ್ಟೇ ಆಗಿತ್ತು. ಅತ್ತೆ ಅತ್ತಳು. ಗಾಡಿಯವರೇ ಹೆಣವನ್ನು ಊರಿಗೆ ಸಾಗಿಸಿದರು.

ಮುಂದಿನದನ್ನು ನೆನಪು ಬಹಳ ಅನುಕೂಲವಾಗಿ ಜೋಡಿಸಿಟ್ಟಿದೆ. ಅದರ ಪ್ರಕಾರ ಮೂರನೆಯ ದಿನ ಟೆಂಟಿನಲ್ಲಿ ಇದ್ದದ್ದು ನರ್ಸ್ ಒಬ್ಬಳು ರೋಗಿಗೆ ಔಷಧಿಯಲ್ಲಿ ವಿಷ ಹಾಕುವ ಚಿತ್ರ. ಅಷ್ಟು ಸರಿಯಾಗಿ ಯಾವುದೂ ನಡೆಯುವುದಿಲ್ಲ. ಅದು ಬೇರೆ ವರ್ಷದ ಚಿತ್ರವೂ ಇರಬಹುದು. ಆದರೆ ಮಾತು ಹುಟ್ಟಿದ್ದು ಟೆಂಟಿನಲ್ಲೇ. ನಾನು ಅಲ್ಲಿದ್ದೆ. ಚಿತ್ರ ಬಿಡುವ ಮಿಷನ್ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹತ್ತಿಸಿ ಇನ್ನೊಂದು ರೀಲು ಹಾಕುತ್ತಿದ್ದರು. ಆ ಬೆಳಕಿನಲ್ಲಿ ಚಿನ್ನದ ಹಲ್ಲಿನವನು ಪಕ್ಕದವನಿಗೆ ಹೇಳಿದ:

‘ಅಲ್ಲ ಕಣ್ಲಾ, ಗಂಜಿಗೆ ಕಾಸೇ ಇಸ್ಕಳ್ಳಿಲ್ವಂತೆ ಅಕ್ಕ. ಯಾಕ್ಲಾ ಇಸ್ಕಳ್ಳಿಲ್ಲ?’

‘ಒಳ್ಳೇವ್ಳು, ಅದ್ಕೆ.’

‘ಅದ್ಕೇ ಕಣ್ಲಾ.’

ಸುತ್ತಲಿನವರು ನಕ್ಕರು. ನಾನು ಎದ್ದು ಬೈದೆ. ಮೇಷ್ಟ್ರಿಗೆ ಅತ್ತೆ ಮೇಲೆ ಅಭಿಮಾನ ಎಂದು ಇನ್ನೂ ನಕ್ಕರು. ದೀಪ ಆರಿತು.

ಮಾರನೆಯ ದಿನ ಊಟದ ಸಾಲಿನಲ್ಲಿ ಅರ್ಧ ಎಲೆ ಖಾಲಿ. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಹೊಟ್ಟೆ ಸರಿಯಿಲ್ಲ, ಬುತ್ತಿ ತಂದಿದ್ದೀವಿ ಎಂದು ನುಣುಚಿಕೊಂಡರು. ಮಾಡಿದ ಮುದ್ದೆ ಕಲ್ಲಾಯಿತು. ಅದರ ಮರುದಿನ ಇನ್ನೂ ಕಡಿಮೆ. ಕೊನೆಗೆ ಅವಳಿಗೆ ವಿಷಯ ಮುಟ್ಟಿತು, ಹೇಗೆ ಎಂದು ನನಗೆ ಗೊತ್ತಿಲ್ಲ. ಪೊಲೀಸರಿಲ್ಲ, ದೂರಿಲ್ಲ, ಎದುರು ನಿಂತು ಆಡಿದ ಮಾತೊಂದೂ ಇಲ್ಲ, ಏನನ್ನು ಅಲ್ಲಗಳೆಯಬೇಕು? ಅವಳು ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು.

‘ನಾನೇನ್ ಮಗಾ ಮಾಡ್ದೆ? ಗಂಜಿ ತಾನೆ ಕೊಟ್ಟಿದ್ದು?’

ಸತ್ತವನ ತಮ್ಮ ಇಲ್ಲೇ ಉಳಿದಿದ್ದ ಗಾಡಿ ಎತ್ತು ಹೊಡೆದುಕೊಂಡು ಹೋಗಲು ಬಂದಾಗ ಎಲ್ಲ ಸರಿಹೋದೀತೆಂದು ನಾನು ನಂಬಿದ್ದೆ. ಅವನು ಜಗುಲಿಯ ಮೇಲೆ ಕೂತು ಅತ್ತೆ ಬಡಿಸಿದ್ದನ್ನು ಉಂಡ. ಅಣ್ಣನಿಗೆ ವರ್ಷಗಳಿಂದ ಎದೆ ಹಿಡಿದುಕೊಳ್ಳುತ್ತಿತ್ತು, ಹೋಗಬೇಡ ಎಂದರೂ ಗಾಡಿ ಕಟ್ಟಿದ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಗಾಡಿಯವರು ತಲೆಯಾಡಿಸಿದರು. ಅವರ ಮುಖದಲ್ಲಿ ಸಮಾಧಾನವಿರಲಿಲ್ಲ, ಕೊನೆಯ ರೀಲು ಬರಲಿಲ್ಲ ಎಂದರೆ ಆಗುವಂಥ ಬೇಸರವಿತ್ತು. ತಮ್ಮನೂ ತೀರ ಒಳ್ಳೆಯವನಂತೆ ಕಾಣುತ್ತಾನಲ್ಲ ಎಂದು ಒಬ್ಬ ಗೊಣಗಿದ್ದನ್ನು ನಾನೇ ಕೇಳಿದೆ.

ಆಮೇಲೆ ಒಂದು ಹೊಸ ಕೊಳಕು ಶುರುವಾಯಿತು. ಚಿನ್ನದ ಹಲ್ಲಿನವನು ಎಲೆಯ ಮುಂದೆ ಕೂತು, ಮೊದಲ ತುತ್ತು ನೀನೇ ತಿನ್ನಕ್ಕ ಎಂದು ನಗುತ್ತಾ ಹೇಳಿದ. ಅವಳು ತಿಂದಳು. ಅಂದಿನಿಂದ ಪ್ರತಿ ಪಂಕ್ತಿಗೂ ಅವಳು ಎಲ್ಲರೆದುರು ಒಂದು ತುತ್ತು ಮುದ್ದೆ ಸಾರಿನಲ್ಲಿ ಅದ್ದಿ ನುಂಗಬೇಕಾಯಿತು. ಅವರು ಅವಳ ಗಂಟಲನ್ನು ನೋಡುತ್ತಾ ಕೂರುತ್ತಿದ್ದರು, ಟೆಂಟಿನಲ್ಲಿ ಬಾಗಿಲ ಹಿಡಿಯನ್ನು ನೋಡಿದ ಹಾಗೆ. ಉಣ್ಣದವರೂ ನೋಡಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಜನ ಹೆಚ್ಚಿದರು, ಊಟ ಹೆಚ್ಚಲಿಲ್ಲ. ಸಂಜೆಯ ಹೊತ್ತಿಗೆ ಅವಳು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮನೆ ಮುಚ್ಚಿ ಮಳವಳ್ಳಿಗೆ ಹೋಗೋಣ ಎಂದೆ. ಅಲ್ಲಿ ಹೊಟ್ಟೆಗೆ ಏನು ತಿನ್ನಲಿ ಎಂದಳು.

ಒಂದು ದಿನ ಆ ತುತ್ತು ನಿಂತಿತು. ಚಿನ್ನದ ಹಲ್ಲಿನವನು ಕಾಯುತ್ತಾ ಕೂತಿದ್ದ. ಅತ್ತೆ ಮುದ್ದೆಯನ್ನು ಅವನ ಎಲೆಗೆ ಎತ್ತಿಹಾಕಿದ ರಭಸಕ್ಕೆ ಸಾರು ಅವನ ಎದೆಗೆ ಸಿಡಿಯಿತು.

‘ತಿನ್ನಂಗಿದ್ರೆ ತಿನ್ಲಾ, ಇಲ್ದಿದ್ರೆ ಎದ್ದೋಗು. ನಿಮ್ಮಪ್ಪನ ಮನೆ ಅಂದ್ಕಂಡಾ? ಎಲ್ಡ್ನೇ ಸಲ ಸಾರಿಗೆ ಬ್ಯಾರೆ ಕಾಸು ಮಡುಗ್ಬೇಕು.’

ಅವನು ಎದೆ ಒರೆಸಿಕೊಂಡು ತಿಂದ. ಪಕ್ಕದವನೂ ತಿಂದ. ಅವಳು ಬೈಯುತ್ತಲೇ ಬಡಿಸಿದಳು, ಅವರ ಅವ್ವಂದಿರನ್ನೂ ಬಿಡಲಿಲ್ಲ. ಅವರ ಹೆಗಲುಗಳು ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡೆ. ಇವಳದು ಬರೀ ಬಾಯಿ, ಇಂಥೋರು ಮೋಸ ಮಾಡಾಕಿಲ್ಲ ಎಂದು ಹೊರಗೆ ಬೀಡಿ ಹಚ್ಚುತ್ತಾ ಮಾತಾಡಿಕೊಂಡರು. ವಾರ ಕಳೆಯುವುದರಲ್ಲಿ ಸಾಲು ತುಂಬಿತು. ಅವಳು ಟೆಂಟಿನೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಆದರೂ ಆ ಚಿತ್ರಗಳನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ಬೇಕೆಂದೇ ಹೀಗೆ ಮಾಡುತ್ತಿದ್ದೀಯಾ ಎಂದು ಕೇಳಿದೆ.

‘ಬೈದ್ರೆ ನಂಬ್ತಾರೆ ಕಣ್ಮಗ. ಇವ್ರಿಗೆ ಇದೇ ಸರಿ.’

ಮೊದಮೊದಲು ಒಳಗೆ ಬಂದಾಗ ಅವಳ ಮುಖ ಮೊದಲಿನದಾಗುತ್ತಿತ್ತು. ಯಾವಾಗ ಅದು ನಿಂತಿತೆಂದು ಹೇಳಲಾರೆ. ಒಂದು ದಿನ ನನ್ನ ಎಲೆಗೂ ಮುದ್ದೆ ಅದೇ ರಭಸದಲ್ಲಿ ಬಿತ್ತು. ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು, ಟೆಂಟಿನವರು ಬಾಗಿಲಿಗೆ ಬಾವುಟ ಕಟ್ಟಿದರು. ಒಳಗೆ ಅದೇ ಕೈಗವಸು, ಅದೇ ಪಿಟೀಲು.

ಆ ವರ್ಷದ ಕಬ್ಬಿಗೆ ಬಂದವನೊಬ್ಬ ಕಂಬಳಿ ಹೊದ್ದು ನಡುಗುತ್ತಾ ಪಂಕ್ತಿಯ ಕೊನೆಯಲ್ಲಿ ಕೂತ. ಮುದ್ದೆ ಸೇರುವುದಿಲ್ಲ, ಒಂದಿಷ್ಟು ಗಂಜಿ ಇದ್ದರೆ ಕೊಡವ್ವ, ತೂಕವಾದ ಮೇಲೆ ಕಾಸು ಕೊಡುತ್ತೇನೆ ಎಂದು ಕೇಳಿದ.

‘ಮೊದ್ಲು ಕಾಸು ಮಡುಗು’ ಎಂದಳು ಅತ್ತೆ. ಅವನ ಹತ್ತಿರ ಇರಲಿಲ್ಲ. ಅವಳು ಪಕ್ಕದ ಎಲೆಗೆ ತಿರುಗಿದಳು. ನಾನು ಜೇಬಿಗೆ ಕೈ ಹಾಕುವುದನ್ನು ಕಂಡು, ಸುಮ್ನಿರು ಎಂದು ಕಣ್ಣಿನಲ್ಲೇ ಗದರಿದಳು.

ಅವನು ಎದ್ದು ಗಾಡಿಯ ಕಡೆಗೆ ಹೋದ. ಉಳಿದವರು ತಲೆ ಎತ್ತದೆ, ನೆಮ್ಮದಿಯಿಂದ ಉಂಡರು. ಅಂದು ಮುದ್ದೆ ಸಾಲದೆ ಎರಡನೆಯ ಸಲ ಕಟ್ಟಬೇಕಾಯಿತು.