ಅವನ ಪ್ರಾರ್ಥನೆಯಲ್ಲಿ ನನ್ನ ಮಗಳು

ನನ್ನ ಮನೆಯ ವಿಷಯ ನನಗೆ ಗೊತ್ತಾದದ್ದು ಒಬ್ಬ ಆಟೋ ಡ್ರೈವರ್‌ನ ಪ್ರಾರ್ಥನೆಯಿಂದ. ಅದೂ ನನ್ನದೇ ಹಜಾರದಲ್ಲಿ, ನಾನೇ ಮಾಡಿದ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾಗ.

ನಾನು ಬಡಗಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಒಂಟಿಕೊಪ್ಪಲಿನ ಎಷ್ಟೋ ಮನೆಗಳ ಬಾಗಿಲು ನನ್ನ ಕೈಯಲ್ಲಿ ಆದವು. ಮಳೆಗಾಲ ಬಂದರೆ ಅವು ಹಿಡಿದುಕೊಳ್ಳುವುದಿಲ್ಲ, ಬೇಕಾದರೆ ಹೋಗಿ ತೆಗೆದು ನೋಡಿ. ಯಾರ ಹತ್ತಿರವೂ ಕೈ ಚಾಚಿದವನಲ್ಲ. ನಮ್ಮ ತಾತನ ಕಾಲದಿಂದ ನಾವು ಕ್ರೈಸ್ತರು. ಭಾನುವಾರ ಮನೆಯ ಮುಂದಿನ ಅಂಗಡಿ ತೆಗೆಯುವುದಿಲ್ಲ. ಹೆಣ್ಣುಮಕ್ಕಳು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಮನೆಗೆ ತಂದೆಯೇ ಯಜಮಾನ. ಇವು ನನ್ನ ಮನೆಯ ಕಾನೂನು.

ನಾವು ಚರ್ಚಿನ ಸಭೆಯವರು ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತೇವೆ. ಹಾಡು, ಬೈಬಲ್ ವಾಕ್ಯ, ಆಮೇಲೆ ನಮ್ಮ ಪಾದ್ರಿ ಅಯ್ಯನವರು ‘ಪ್ರಾರ್ಥನಾ ವಿಷಯ ಇದ್ದೋರು ಹೇಳಿ’ ಎನ್ನುತ್ತಾರೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಗನ ಪರೀಕ್ಷೆ. ನಾನು ಮಾತ್ರ ಯಾವತ್ತೂ ಒಂದೂ ಹೇಳಿದವನಲ್ಲ. ನನಗೆ ಚಿಂತೆ ಇಲ್ಲವೆಂದಲ್ಲ. ಫ್ಯಾಕ್ಟರಿಯ ರೆಡಿಮೇಡ್ ಬಾಗಿಲುಗಳು ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಸೊಂಟ ಮೊದಲಿನ ಹಾಗಿಲ್ಲ. ಆದರೆ ಅದನ್ನು ಬೆಳಗ್ಗೆ ಐದಕ್ಕೆ ಒಬ್ಬನೇ ಮೊಣಕಾಲೂರಿ ದೇವರಿಗೆ ಹೇಳುತ್ತೇನೆ. ದೇವರಿಗೆ ಹೇಳಿದ್ದನ್ನು ಊರಿಗೆ ಯಾಕೆ ಹೇಳಬೇಕು?

ಆಟೋದವನು ಹಾಗಲ್ಲ. ಇಲವಾಲದ ಕಡೆಯವನು, ನಂಬಿಕೆಗೆ ಬಂದು ಇನ್ನೂ ಆರು ವರ್ಷ. ಅವನಿಗೆ ಎಲ್ಲವೂ ಪ್ರಾರ್ಥನಾ ವಿಷಯವೇ.

“ಕ್ಲಚ್ ಕೇಬಲ್ ಪದೇ ಪದೇ ಕಟ್ಟಾಯ್ತದೆ. ಅದಕ್ಕೂ ಒಸಿ ಪ್ರಾರ್ಥನೆ ಮಾಡ್ಬುಡಿ” ಎಂದಿದ್ದ ಒಮ್ಮೆ.

“ಅದಕ್ಕೆ ಮೆಕ್ಯಾನಿಕ್ ಹತ್ರ ಹೋಗಯ್ಯಾ” ಎಂದರು ಅಯ್ಯನವರು.

“ಮೆಕ್ಯಾನಿಕ್‌ಗೂ ಬುದ್ಧಿ ಕೊಡೋನು ಅವ್ನೇ ಅಲ್ವಾ ಅಯ್ನೋರೇ?”

ಎಲ್ಲರೂ ನಕ್ಕರು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕದ್ದು ನೆನಪಿಲ್ಲ. ಅವನ ಮಕ್ಕಳು ಅವನ ಬೆನ್ನಿಗೆ ಒರಗಿಕೊಂಡೇ ಕೂರುತ್ತವೆ. ಕೂಟ ಮುಗಿದ ಮೇಲೆ ಹೆಂಗಸರು, ಗಂಡಸರು ಎಲ್ಲ ಅವನ ಸುತ್ತ. ಮೂರು ತಲೆಮಾರಿನ ಕ್ರೈಸ್ತನಾದ ನಾನು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತೇನೆ. ಹೊಟ್ಟೆ ಉರಿಯುತ್ತಿತ್ತು. ಅಸೂಯೆ ಪಾಪವೆಂದು ಗೊತ್ತಿದ್ದೂ ಉರಿಯುತ್ತಿತ್ತು.

ಆದರೂ ಅವನನ್ನು ನನ್ನ ಮನೆಗೆ ಹತ್ತಿರ ಮಾಡಿದವನು ನಾನೇ. ಮಗಳು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಸಂಜೆ ಬಸ್ಸಿನ ನೂಕುನುಗ್ಗಲು ಬೇಡ, ಗುರುತಿಲ್ಲದ ಆಟೋವಂತೂ ಬೇಡವೇ ಬೇಡ ಎಂದು ಅವನಿಗೇ ಹೇಳಿ ಗೊತ್ತು ಮಾಡಿದೆ. ಏನೇ ಇರಲಿ, ಸಭೆಯ ಮನುಷ್ಯ. ದಿನಾ ಐದೂಮುಕ್ಕಾಲಿಗೆ ಸರಿಯಾಗಿ ತಂದು ಬಿಡುತ್ತಿದ್ದ.

ಅಷ್ಟರಲ್ಲಿ ಮಂಡ್ಯದ ಸಂಬಂಧ ಬಂತು. ಹುಡುಗನಿಗೆ ಸ್ವಂತ ವೆಲ್ಡಿಂಗ್ ವರ್ಕ್‌ಶಾಪ್. ಕುಡಿತವಿಲ್ಲ, ಬೀಡಿಯಿಲ್ಲ, ಹೆಚ್ಚು ಮಾತಿಲ್ಲ. ಮಗಳನ್ನೂ ಕರೆದುಕೊಂಡು ಹೋಗಿ ಊಟ ಮಾಡಿಕೊಂಡು ಬಂದೆವು. ನಾನು ಒಪ್ಪಿದೆ. ಮಗಳು ಸುಮ್ಮನಿದ್ದಳು. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡೆ.

ಆ ಬುಧವಾರ ಕೂಟ ನಮ್ಮ ಮನೆಯಲ್ಲಿ. ಅಯ್ಯನವರು ಆಟೋದವನಿಗೇ ಮನೆಗೋಸ್ಕರ ಪ್ರಾರ್ಥಿಸಲು ಹೇಳಿದರು. ಅವನು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಶುರು ಮಾಡಿದ.

“ಸ್ವಾಮೀ, ಈ ಮನೇನ ಕಾಪಾಡು. ಅಣ್ಣನ ಸೊಂಟನೋವು ವಾಸಿ ಮಾಡು…”

ಸೊಂಟದ ಸುದ್ದಿ ಇವನಿಗೆ ಯಾರು ಹೇಳಿದರು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವನು ಮಗಳ ವಿಷಯಕ್ಕೆ ಬಂದ.

“ಈ ಮಗೀಗೆ ಆ ಮಂಡ್ಯದ ಸಂಬಂಧ ಇಷ್ಟವಿಲ್ಲ ಸ್ವಾಮೀ. ದಿನಾ ಆಟೋದಲ್ಲಿ ಕಣ್ಣೊರೆಸ್ಕೊಂಡು ಬತ್ತದೆ. ಅವ್ರಪ್ಪಂಗೆ ಯೋಳಕ್ಕೆ ಧೈರ್ಯ ಕೊಡು…”

ಅಲ್ಲಿಗೆ ನಿಂತ. ಆಮೇಲೆ ಒಂದೇ ಉಸಿರಿಗೆ, “ರಸ್ತೇಲಿ ಓಡಾಡೋರ್ನೆಲ್ಲಾ ಕಾಪಾಡು ಆಮೆನ್” ಎಂದುಬಿಟ್ಟ. ಕಿವಿ ಮಂದವಾದ ಒಬ್ಬ ಅಜ್ಜಿ ಮಾತ್ರ ಗಟ್ಟಿಯಾಗಿ ಆಮೆನ್ ಅಂದರು.

ಕಾಫಿ ಕುಡಿಯದೆ ಎಲ್ಲರೂ ಎದ್ದರು. ಅವನು ಬಾಗಿಲ ಹತ್ತಿರ ನಿಂತ.

“ಅಣ್ಣಾ, ತಪ್ಪಾಗ್ಬುಡ್ತು. ಕಣ್ ಮುಚ್ಚುದ್ರೆ ನಂಗೆ ಎದುರ್ಗೆ ಯಾರವ್ರೆ ಅಂತ ಗ್ಯಾನ ಇರಕಿಲ್ಲ.”

“ನನ್ನ ಮಗಳ ವಿಷಯ ನಿಂಗ್ಯಾಕಯ್ಯಾ?”

“ಕನ್ನಡೀಲಿ ಕಾಣ್ತದಲ್ಲಣ್ಣಾ. ಅಳ್ತಿತ್ತು. ಯಾಕವ್ವಾ ಅಂತ ಕೇಳ್ದೆ, ಅಷ್ಟೇಯ.”

ಅವಮಾನಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇದು: ಅವಳು ಹೇಳಿಕೊಂಡದ್ದು ಅವನಿಗೆ. ಅರ್ಧ ಗಂಟೆಯ ದಾರಿಯಲ್ಲಿ ಅವನಿಗೆ ಸಿಕ್ಕಿದ್ದು, ಇಪ್ಪತ್ನಾಲ್ಕು ವರ್ಷ ಸಾಕಿದ ನನಗೆ ಸಿಕ್ಕಿರಲಿಲ್ಲ.

ಮರುದಿನ ಬೆಳಗ್ಗೆ ಮನೆಪ್ರಾರ್ಥನೆ ಮುಗಿದ ಮೇಲೆ ಮಗಳನ್ನು ಕೂರಿಸಿಕೊಂಡೆ.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನಂತಿದ್ರಿ ಅಪ್ಪ?”

ಏನನ್ನುತ್ತಿದ್ದೆನೋ ಇಬ್ಬರಿಗೂ ಗೊತ್ತಿತ್ತು. “ಹುಡುಗನಲ್ಲಿ ಏನು ದೋಷ ಕಂಡೆ?” ಎಂದೆ.

“ದೋಷ ಇಲ್ಲ. ಅವ್ರು ನಿಮ್ಮ ಥರಾನೇ.”

ಒಂದು ಗಳಿಗೆ ನನ್ನ ಎದೆ ಉಬ್ಬಿತು. ಅವಳು ಮುಂದುವರಿಸಿದಳು.

“ಅವತ್ತು ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಮ್ಮಿ ಇತ್ತಲ್ಲ, ಅವ್ರಮ್ಮ ಸೌಟು ಹಿಡ್ಕೊಂಡು ಅವ್ರ ಮುಖಾನೇ ನೋಡ್ತಾ ನಿಂತಿದ್ರು. ನಮ್ಮಮ್ಮ ನಿಲ್ತಾಳಲ್ಲ, ಹಾಗೆ. ನಂಗೆ ಹಂಗೆ ನಿಲ್ಲಕ್ಕೆ ಆಗಲ್ಲಪ್ಪ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು. ಹೆಂಡತಿ ಬಂದು ‘ಹಾಗೇನಿಲ್ಲ ಬಿಡೇ’ ಎಂದಾಳು ಎಂದು ಕಾದೆ. ಬರಲಿಲ್ಲ.

ಆವತ್ತು ಅಂಗಡಿ ತಡವಾಗಿ ತೆಗೆದೆ. ಮಧ್ಯಾಹ್ನ ಮಂಡ್ಯಕ್ಕೆ ಫೋನ್ ಮಾಡಿ, “ಮಗಳಿಗೆ ಮನಸ್ಸಿಲ್ಲ, ಕ್ಷಮಿಸಬೇಕು” ಎಂದೆ. ಆ ಕಡೆಯ ಹಿರಿಯರು, “ನಿಮ್ಮ ಮನೇಲಿ ತೀರ್ಮಾನ ಮಗಳು ಮಾಡೋದಾ?” ಎಂದು ಚುಚ್ಚಿದರು. ನಾನೂ ಅದನ್ನೇ ಕೇಳುತ್ತಿದ್ದೆ, ಅವರ ಜಾಗದಲ್ಲಿದ್ದಿದ್ದರೆ. “ತೀರ್ಮಾನ ನನ್ನದೇ” ಎಂದು ಫೋನ್ ಇಟ್ಟೆ.

ತಂದೆಯೇ ಯಜಮಾನ ಎಂಬ ಮಾತು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಯಜಮಾನನಾದವನಿಗೆ ಮನೆಯ ಕಣ್ಣೀರು ಹೊರಗಿನವನ ಪ್ರಾರ್ಥನೆಯಲ್ಲಿ ಕೇಳಿಸಬಾರದು. ಮಗಳು ಈಗಲೂ ಅವನ ಆಟೋದಲ್ಲೇ ಬರುತ್ತಾಳೆ. ನಿಲ್ಲಿಸಬೇಕೆಂದು ಎರಡು ಸಲ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರಿಬ್ಬರೂ ನಗುತ್ತಾ ಗೇಟಿಗೆ ಬಂದು ನಿಂತರೆ ಈಗಲೂ ನನ್ನ ಕೈಯ ಉಳಿ ಗೆರೆ ತಪ್ಪುತ್ತದೆ.

ಹೋದ ವಾರ ಅವಳು ಒಳಗೆ ಹೋಗದೆ ನನ್ನ ಹತ್ತಿರ ಬಂದು, ಮರದ ಹೊಟ್ಟಿನ ಮೇಲೇ ಕೂತು, ಟ್ಯುಟೋರಿಯಲ್‌ನ ಯಜಮಾನರು ಎಲ್ಲರೆದುರು ಬೈದರೆಂದು ಹೇಳಿದಳು. ಪೂರ್ತಿ ಕೇಳಿಸಿಕೊಂಡೆ. ಬುದ್ಧಿ ಹೇಳಬೇಕೆನಿಸಿತು, ಹೇಳಲಿಲ್ಲ. ಬೇರೊಂದು ಮಾತು ಬಾಯಿಗೆ ಬಂತು.

“ಅವನಿಗೆ ಹೇಳಿದ್ಯಾ?”

“ಯಾರಿಗೆ? ಆಟೋ ಅಂಕಲ್‌ಗಾ? ಇಲ್ಲಪ್ಪ, ಇನ್ನೂ ಇಲ್ಲ.”

ಹಾಗಾದರೆ ಕೂತಿರು, ಕಾಫಿ ತರಿಸ್ತೀನಿ ಎಂದೆ.