ಚೀಲ ಸುರಿಸಿಕೊಳ್ಳುತ್ತಿದ್ದ ಅಕ್ಕ

ಹಣೆಯ ಮೇಲಕ್ಕೆ ಸರಿಸಿದ ಒಂದು ಕನ್ನಡಕ, ಕೊರಳಿನ ದಾರದಲ್ಲಿ ಇನ್ನೊಂದು. ಮೆಡಿಕಲ್ ಶಾಪಿನ ಅಕ್ಕ ಆ ಬೆಳಿಗ್ಗೆಯೂ ಎಂದಿನಂತೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಕೌಂಟರಿನ ಗಾಜಿನ ಮೇಲೆ ಬಿಳಿ ಟವೆಲು ಹಾಸುತ್ತಿದ್ದರು. ಫಾರ್ಮಸಿ ಓದಿ, ಕೋಟೆ ಕೆಳಗಿನ ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟವರು. ಹೊಸಬರು ಬಂದರೆ, ಅವರ ಮಾತ್ರೆಗಳನ್ನೆಲ್ಲ ಆ ಟವೆಲಿನ ಮೇಲೆ ಸುರಿಸಿಕೊಳ್ಳದೆ ಏನನ್ನೂ ಕೊಡುತ್ತಿರಲಿಲ್ಲ. “ಡಾಕ್ಟ್ರು ಎಷ್ಟೇ ಜನ ಇರ್ಲಿ, ಎಲ್ಲ ಹೋಗಿ ಸೇರೋದು ಒಂದೇ ಹೊಟ್ಟೆಗೆ” ಎನ್ನುತ್ತಿದ್ದರು.

ನಾವು ಆ ಬೀದಿಗೆ ಆಗಷ್ಟೇ ಮನೆ ಬದಲಿಸಿ ಬಂದಿದ್ದೆವು. ಆ ದಿನ ಅಂಗಡಿಗೆ ಅತ್ತೆಯೂ ಜೊತೆಗೆ ಬಂದಿದ್ದರು. ಮಂಡಿ ಡಾಕ್ಟರ ಮಾತ್ರೆಯಿಂದ ನೋವು ಇಳಿದು, ನಡೆದೇ ಬರುತ್ತೇನೆಂಬ ಹುರುಪು ಅವರಿಗೆ. ಅದೇ ಮಾತ್ರೆ ಇನ್ನೊಂದು ಶೀಟು ಕೊಡಿ ಎಂದೆ. ಅಕ್ಕ ಕಪಾಟಿನ ಕಡೆ ತಿರುಗಲಿಲ್ಲ. ಬೇರೆ ಏನೇನು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ವಾಲ್ವ್ ಆಪರೇಷನ್ ಆದಾಗಿನಿಂದ ನುಂಗುತ್ತಿದ್ದ ಹೃದಯದ ಮಾತ್ರೆಯೂ ಮುಗಿಯುತ್ತ ಬಂದಿದ್ದರಿಂದ ಅದರ ಚೀಲವೂ ಅತ್ತೆಯ ಕೈಯಲ್ಲಿತ್ತು. ಅತ್ತೆ ಅದನ್ನು ಸೆರಗಿನೊಳಗೆ ಸರಿಸಿಕೊಂಡರು. ಒಬ್ಬ ಡಾಕ್ಟರ ಮಾತ್ರೆಯನ್ನು ಇನ್ನೊಬ್ಬರ ಮುಂದೆ ತೆಗೆಯುವುದು ಅವರ ಪ್ರಕಾರ ಮರ್ಯಾದೆಯಲ್ಲ. ಮಂಡಿ ಡಾಕ್ಟರು ಕೇಳಿದಾಗಲೂ ಬೇರೇನೂ ಇಲ್ಲ ಎಂದಿದ್ದರಂತೆ.

“ಬೇಜಾರಾಗಲ್ವೇನವ್ವ ಅವ್ರಿಗೆ, ನನ್ನ ನಂಬ್ಲಿಲ್ಲ ಅಂತ?”

“ನಾನು ಡಾಕ್ಟ್ರಲ್ಲಮ್ಮ, ನಂಗೇನ್ ಬೇಜಾರಿಲ್ಲ. ಸುರೀರಿ.”

ಸುರಿದರು. ಅಕ್ಕ ಕನ್ನಡಕ ಬದಲಿಸಿ, ಎರಡು ಶೀಟುಗಳನ್ನು ಪಕ್ಕಕ್ಕೆ ತೆಗೆದಿಟ್ಟರು. “ಇದು ರಕ್ತ ತೆಳ್ಳಗೆ ಮಾಡೋದು. ವಾಲ್ವ್ ಆಪರೇಷನ್ ಆದೋರಿಗೆ ಬೇಕೇ ಬೇಕು. ಇದ್ರ ಜತಿಗೆ ಈ ನೋವಿನ ಮಾತ್ರೆ ಬಿದ್ರೆ ಒಳಗೇ ರಕ್ತ ಸೋರಬಹುದು. ವಸಡಲ್ಲಿ ರಕ್ತ ಐತಾ?”

ಮುಖ ತೊಳೆಯುವ ಬೇಸಿನ್ನಿನಲ್ಲಿ ತಿಳಿಗೆಂಪು ಕಂಡಿತ್ತು, ಅತ್ತೆಯ ಬಳೆಗಳ ಮೇಲ್ಗಡೆ ನೀಲಿ ಕಲೆಗಳೂ ಇದ್ದವು. ಹೇಳಿದೆ. ಅಕ್ಕ ತಾವೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ನೋವಿನ ಮಾತ್ರೆ ನಿಲ್ಲಿಸಿ, ರಕ್ತ ತೆಳ್ಳಗೆ ಮಾಡುವುದನ್ನು ನೀವಾಗಿಯೇ ನಿಲ್ಲಿಸಬೇಡಿ, ಈಗಲೇ ಬನ್ನಿ ಎಂದರು ಡಾಕ್ಟರು. ಆಟೋ ನಿಲ್ಲಿಸಿ ಅತ್ತೆಯನ್ನು ಹತ್ತಿಸಿದವರೂ ಅಕ್ಕನೇ.

ಪರೀಕ್ಷೆಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿತ್ತು. ಸರಿಯಾದ ಹೊತ್ತಿಗೆ ಬಂದಿರಿ ಎಂದು ಡಾಕ್ಟರು ಅತ್ತೆಯನ್ನು ಸಂಜೆಯವರೆಗೆ ಇಟ್ಟುಕೊಂಡು, ಮಂಡಿಗೆ ಬೇರೆ ಮಾತ್ರೆ ಬರೆದು ಕಳಿಸಿದರು.

ಆ ಅಕ್ಕ ಈಗಿಲ್ಲ. ಅತ್ತೆ ಇಂದಿಗೂ ನಮ್ಮ ಜೊತೆ ಕೂತು, ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗುತ್ತ ಉಣ್ಣುತ್ತಾರೆ. ಆ ಗೊಣಗಾಟ ಅಕ್ಕ ನಮಗೆ ಉಳಿಸಿಕೊಟ್ಟದ್ದು.

ಆ ಸಂಜೆ ನಾವು ಆಸ್ಪತ್ರೆಯಿಂದ ಬಂದು ಆಟೋ ಇಳಿದಾಗ ಪಕ್ಕದ ಮನೆಯಾಕೆ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತದೆಯೇ ಅಂದರು: “ಮಾತ್ರೆ ತರಾಕೆ ಹೋಗಿ ಇಷ್ಟೊತ್ತಾ? ಆ ಅಕ್ಕನ ಹತ್ರ ಯಾಕ್ ಹೋಗ್ತೀರಿ, ಬರೀ ಪ್ರಶ್ನೆ. ಆಚೆ ಬೀದಿ ಅಂಗಡ್ಯಾಗೆ ಏನೂ ಕೇಳಲ್ಲ, ಕೇಳಿದ್ದು ಕೊಟ್ಟು ಕಳಿಸ್ತಾರೆ.”