ಪತ್ರದಲ್ಲಿ ಇಲ್ಲದ ಸಾಲು

ಹತ್ತನೆಯ ತರಗತಿ ಪಾಸಾಗಿದ್ದೇ ನನ್ನ ಕುತ್ತಿಗೆಗೆ ಬಂತು. ಅಗಡಿಯ ನಮ್ಮ ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಸೈನ್ಯದಲ್ಲಿದ್ದ ನನ್ನ ಗಂಡ ಪತ್ರ ಬರೆಯುತ್ತಿದ್ದುದು ಅವರ ಅವ್ವನಿಗೆ, ಅದನ್ನು ಓದಿ ಹೇಳುತ್ತಿದ್ದವಳು ನಾನು. ಹೆಂಡತಿಗೆಂದು ಬೇರೆ ಪತ್ರ ಬರೆಯುವುದು ಆಗ ನಮ್ಮಲ್ಲಿ ನಾಚಿಕೆಗೇಡು. ಕೊನೆಯಲ್ಲಿ 'ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ತಿಳಿಸು' ಎಂದಿರುತ್ತಿತ್ತು. ಆ ಎಲ್ಲರಲ್ಲಿ ನಾನೂ ಇದ್ದೆ, ಎಮ್ಮೆಯೂ ಇತ್ತು.

ಗಡಿಯಲ್ಲಿ ಯುದ್ಧ ನಡೆದ ದಿನಗಳಲ್ಲಿ ಅತ್ತೆ ಊಟ ಬಿಟ್ಟರು. ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟು ಎದ್ದುಬಿಡುತ್ತಿದ್ದರು. "ಅಂವಾ ಬರೂದ್ರಾಗ ನೀನೂ ತವರಮನಿ ಹಿಡದ್ರ ನಾ ಯಾರ ಮಾರಿ ನೋಡ್ಲಿ?" ಎಂದು ಅಳುತ್ತಿದ್ದರು. ನೋಡಲಾಗದೆ ಒಂದು ದಿನ ಪತ್ರ ಓದುತ್ತ ಒಂದು ಸಾಲು ನಾನೇ ಸೇರಿಸಿದೆ. 'ಅವ್ವಾ, ನಾನು ಮನೆಗೆ ಬರುವತನಕ ನಿನ್ನ ಸೊಸೆ ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಪಂಚಮಿಗೂ ಹೋಗುವುದಿಲ್ಲ.' ಅವತ್ತು ಅತ್ತೆ ಎರಡು ರೊಟ್ಟಿ ತಿಂದರು. ನನಗೋ ಭಾರಿ ಹೆಮ್ಮೆ. ಎಂಥ ಜಾಣೆ ನಾನು!

ಯುದ್ಧ ಮುಗಿಯಿತು. ಚಹಾದಂಗಡಿಯಲ್ಲಿ ಗಂಡಸರು ಮತ್ತೆ ಮಳೆ, ಮೆಣಸಿನಕಾಯಿ ಎಂದು ಮಾತಿಗೆ ಬಿದ್ದರು. ನನ್ನ ಗಂಡನ ರಜೆ ಮಾತ್ರ ಎರಡು ಸಲ ಮಂಜೂರಾಗಿ ಎರಡು ಸಲ ರದ್ದಾಯಿತು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲೇಬೇಕು. ಮರುವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಬ್ಯಾಡಗಿಯಿಂದ ನನ್ನ ಅಣ್ಣ ಕೇಳಲು ಬಂದ. ನಮ್ಮವ್ವ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದಾಳೆ, ನನ್ನನ್ನೇ ನೆನೆಯುತ್ತಾಳೆ ಎಂದ.

"ಕಳಸ್ತಿದ್ನೆಪಾ," ಅತ್ತೆ ಮೆತ್ತಗೆ ಹೇಳಿದರು. "ಆದ್ರ ಮಗಾ ಬರದಾನ. ಅಂವಾ ಬರೂತನಕ ಇಕಿ ಎಲ್ಲೂ ಹೋಗಾಂಗಿಲ್ಲ."

ನನ್ನ ಮಾತೇ ನನಗೆ ಅಡ್ಡ ನಿಂತಿತ್ತು. ಅಣ್ಣನನ್ನು ಬೀಳ್ಕೊಡುವ ನೆಪದಲ್ಲಿ ಬಸ್ಸಿನತನಕ ಹೋಗಿ ಗಂಡನಿಗೆ ನಾಲ್ಕು ಸಾಲು ಗೀಚಿ ಅಂಚೆಗೆ ಹಾಕಲೆಂದು ಅಣ್ಣನ ಕೈಗೆ ಕೊಟ್ಟೆ. ನನ್ನ ತಾಯಿಗೆ ಆರಾಮಿಲ್ಲ, ನನ್ನನ್ನು ಕಳಿಸಲು ನಿಮ್ಮ ಅವ್ವನಿಗೆ ಬರೆಯಿರಿ ಎಂದಷ್ಟೇ ಬರೆದಿದ್ದೆ. ಸುಳ್ಳಿನ ವಿಷಯ ಬರೆಯಲು ಧೈರ್ಯ ಬರಲಿಲ್ಲ. ಆಮೇಲೆ ದಿನವೂ ಮೆಣಸಿನ ಹೊಲದಲ್ಲಿ ಕಳೆ ಕೀಳುತ್ತ ಅಂಚೆಯವನ ಸೈಕಲ್ಲಿನ ದಾರಿ ಕಾಯ್ದೆ.

ಹಬ್ಬಕ್ಕೆ ಎರಡು ದಿನವಿರುವಾಗ ಪತ್ರ ಬಂತು. ಅದೇ ಹೊತ್ತಿಗೆ ಶೇಂಗಾ ಉಂಡಿಯ ಡಬ್ಬಿ ಹಿಡಿದು ಅಣ್ಣನೂ ಬಂದ. ನಾನು ಓದಿದೆ. 'ಅವ್ವಾ, ಅವಳ ತಾಯಿಗೆ ಆರಾಮಿಲ್ಲ. ಅವಳನ್ನು ಪಂಚಮಿಗೆ ತಪ್ಪದೆ ಕಳಿಸು.' ಇನ್ನೊಮ್ಮೆ ಓದಿದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಇಷ್ಟ ದಿನಾ ಓದೀದಿ, ಒಮ್ಮೆನೂ ನಿನ್ನ ದನಿ ನಡುಗಿಲ್ಲ. ಇವತ್ತ ಯಾಕ ನಡುಗಾಕತ್ತೈತಿ? ಖರೇ ಹೇಳು, ಇದು ಅಂವಾ ಬರದದ್ದೋ, ನೀ ಸೇರಿಸಿದ್ದೋ?"

ಅಣ್ಣನಿಗೆ ಸಿಟ್ಟು ಬಂತು. "ಹಂಗಿದ್ರ ಸಾಲಿ ಮಾಸ್ತರ ಕಡೆ ಓದಸ್ರೀ ಅತ್ತಿ."

"ಓದಸೂಣು. ಎಲ್ಲಾ ಒಮ್ಮೆ ಓದಿಸೇ ಬಿಡೂಣು," ಎಂದು ಅತ್ತೆ ದೇವರ ಜಗಲಿಯಿಂದ ತಗಡಿನ ಡಬ್ಬಿ ತಂದರು. ಯುದ್ಧದ ದಿನಗಳ ಪತ್ರಗಳೆಲ್ಲ ಅದರಲ್ಲಿದ್ದವು. ನಾನು ಓದಿದ್ದ ಆ ಸಾಲು ಮಾತ್ರ ಯಾವುದರಲ್ಲೂ ಇರಲಿಲ್ಲ.

ಒಂದು ಸುಳ್ಳು ಸಿಕ್ಕರೆ ಮುಂದೆ ನಾನು ಓದುವ ಯಾವ ಪತ್ರವನ್ನೂ ಈ ಮುದುಕಿ ನಂಬುವುದಿಲ್ಲ. ಮಗ ಇನ್ನೂ ಗಡಿಯಲ್ಲೇ ಇದ್ದಾನೆ. ಮತ್ತೆ ಊಟ ಬಿಟ್ಟರೆ?

"ಬ್ಯಾಡ್ರಿ ಅತ್ತಿ," ಎಂದೆ. "ಈಗ ಓದಿದ್ದು ನಾನ ಸೇರಿಸಿದ್ದು."

ಅಣ್ಣ ನನ್ನನ್ನು ಗುರುತಿಲ್ಲದವರಂತೆ ನೋಡಿದ. ಉಂಡಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನೀರನ್ನೂ ಕುಡಿಯದೆ ಹೋದ. ಅತ್ತೆ ಬೈಯಲಿಲ್ಲ. "ತವರಿನ ಹುಚ್ಚು ಯಾರಿಗಿಲ್ಲ ಬಿಡು," ಎಂದು ಬೆನ್ನು ಸವರಿದರು. ಆ ಕೈಯನ್ನು ಕಿತ್ತೊಗೆಯುವಷ್ಟು ಸಿಟ್ಟು ಬಂದಿತ್ತು ನನಗೆ. ಅವರ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಜಾಣತನದ ಮೇಲೆ.

ಮದುವೆಯಾದಂದಿನಿಂದ ನನ್ನ ಗಂಡ ನನ್ನೊಬ್ಬಳ ಬಗ್ಗೆ ಬರೆದ ಮೊದಲ ಮಾತು ಆ ಪತ್ರದಲ್ಲಿತ್ತು. ಅತ್ತೆ ಅದನ್ನು ಮಡಚಿ ಉಳಿದವುಗಳ ಮೇಲಿಟ್ಟು, ಮುಚ್ಚಳ ಹಾಕಲು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಹಾಕಿದೆ.